ನಾನು ಅಳಿಸಿದ ಕ್ಯಾಸೆಟ್ಟು

ಮೂವತ್ತೊಂದು ವರ್ಷ ಪುಣೆಯ ಖಡಕಿಯ ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ತಪಾಸಣೆ ಮಾಡುವುದೇ ನನ್ನ ಕೆಲಸವಾಗಿತ್ತು. ಒಂದು ಮೀಟರು ಸರಿಯಾಗಿದೆಯೋ ಇಲ್ಲವೋ ಎಂದು ಇನ್ನೊಂದು ಮೀಟರಿನಿಂದ ನೋಡುವುದು, ಆ ಇನ್ನೊಂದು ಸರಿಯಾಗಿದೆಯೋ ಎಂದು ಮತ್ತೊಂದರಿಂದ ನೋಡುವುದು. ಇಂಥ ಉದ್ಯೋಗದಲ್ಲಿ ತಲೆ ನರೆಸಿಕೊಂಡವನಿಗೆ ದೆವ್ವ ಪಿಶಾಚಿಗಳ ವಿಷಯದಲ್ಲಿ ಯಾವ ಅಭಿಪ್ರಾಯ ಇರಬಹುದೋ ಅದೇ ನನಗೂ ಇತ್ತು. ಯಾರಾದರೂ ಅಂಥ ಕಥೆ ಶುರು ಮಾಡಿದರೆ, "ಎಷ್ಟು ವೋಲ್ಟು ಇತ್ತು?" ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದೆ. ಈಗ ಹಾಗೆ ಕೇಳುವ ಧೈರ್ಯ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಇದರಲ್ಲಿ ನನ್ನ ಮರ್ಯಾದೆ ಹೆಚ್ಚಿಸುವಂಥದ್ದು ಏನೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಇಂಥ ಸಂಗತಿಗೆ ನಡುರಾತ್ರಿಯೇ ಆಗಬೇಕು ಎನ್ನುವವರ ಕ್ಷಮೆಯನ್ನೂ ಕೋರುತ್ತೇನೆ. ಇದು ನಡೆದದ್ದು ಎಂಟು ವರ್ಷದ ಹಿಂದೆ, ಒಂದು ಭಾನುವಾರ ಮಧ್ಯಾಹ್ನ ಮೂರೂವರೆಗೆ, ಪುಣೆಯ ಅಂಗಡಿಕಾರರು ಬಾಗಿಲೆಳೆದುಕೊಂಡು ನೆಮ್ಮದಿಯಾಗಿ ಗೊರಕೆ ಹೊಡೆಯುವ ಹೊತ್ತಿನಲ್ಲಿ.

ನನಗೊಂದು ಚಟವಿದೆ. ಎಲೆಕ್ಟ್ರಾನಿಕ್ ಸಂಗೀತದ ಮೊದಲ ತಲೆಮಾರಿನವರ ಧ್ವನಿಮುದ್ರಿಕೆಗಳನ್ನು ಸಂಗ್ರಹಿಸುತ್ತೇನೆ. ಅದರಲ್ಲೂ ತಂಡದ ಹೆಸರಿನಲ್ಲಿ ಬಂದವು ನನಗೆ ಬೇಡ; ತಂಡ ಬಿಟ್ಟು, ಜಗಳಾಡಿಯೋ ಬೇಸತ್ತೋ, ಒಬ್ಬನೇ ಕೋಣೆಯಲ್ಲಿ ಕೂತು ಮಾಡಿದಂಥವು ಬೇಕು. ನಾಲ್ಕು ಜನರ ನಡುವೆ ಎಲ್ಲರೂ ಸಭ್ಯರೇ. ಯಂತ್ರದ ಮುಂದೆ ಒಬ್ಬನೇ ಕೂತಾಗಲೇ ಮನುಷ್ಯನ ಯೋಗ್ಯತೆ ಗೊತ್ತಾಗುವುದು. ಕಾರ್ಖಾನೆಯಲ್ಲಿ ಆಸಿಲೇಟರಿನ ಶುದ್ಧ ಸ್ವರವನ್ನು ದಿನಕ್ಕೆ ಎಂಟು ತಾಸು ಕೇಳಿದವನಿಗೆ ಇಂಥ ಸಂಗೀತ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವೆಂದರೆ ಇಡೀ ಪುಣೆಯಲ್ಲಿ ಇದೇ ಚಟದ ಇನ್ನೊಬ್ಬ ಕನ್ನಡಿಗ ಇದ್ದದ್ದು.

ಅವರೇ ಶೆಟ್ಟರು. ಕುಂದಾಪುರದ ಕಡೆಯವರು. ಅವರ ಹೋಟೆಲಿನಲ್ಲಿ ಕೆಳಗೆ ಇಡ್ಲಿ ವಡೆ, ಮೇಲಿನ ಕೋಣೆಯಲ್ಲಿ ಜರ್ಮನಿ ಜಪಾನುಗಳ ರೆಕಾರ್ಡು. ಹನ್ನೊಂದು ವರ್ಷ ನಾವು ಸ್ನೇಹಿತರಾಗಿದ್ದೆವು. ಭಾನುವಾರ ಊಟದ ಗಿರಾಕಿಗಳು ಹೋದ ಮೇಲೆ, ಸಂಜೆಯ ತಿಂಡಿಗೆ ಒಲೆ ಹೊತ್ತಿಸುವ ಮೊದಲು, ಎರಡು ತಾಸು ಹೋಟೆಲು ಮುಚ್ಚಿರುತ್ತಿತ್ತು. ಆಗ ನಾನು ಹೋಗುತ್ತಿದ್ದೆ. ಅವರ ಹೆಂಡತಿ ವಾರಿಜಕ್ಕ ಕಾಫಿ ತಂದಿಟ್ಟು, ನಮ್ಮ ಜೊತೆಗೇ ಕೂತು ಮರುದಿನದ ಬೀನ್ಸು ಬಿಡಿಸುತ್ತಿದ್ದರು.

ಪುಣೆಯದೇ ಕೊಂಢವಾದಲ್ಲಿ ವಿಜಾಪುರದ ಕಡೆಯ ಮೆಹಬೂಬ್‌ಭಾಯ್ ಎಂಬುವರ ರದ್ದಿ ಅಂಗಡಿ ಇತ್ತು. ಇಲ್ಲಿಯ ಆಶ್ರಮ ಸೇರಲೆಂದು ಬಂದು, ಆಶ್ರಮ ಬಿಟ್ಟ ಮೇಲೂ ಇಲ್ಲೇ ಉಳಿದು, ಇಲ್ಲೇ ತೀರಿಕೊಂಡ ಜರ್ಮನಿಯವನೊಬ್ಬನ ಸಾಮಾನಿನ ಪೆಟ್ಟಿಗೆ ಒಂದು ದಿನ ಅಲ್ಲಿಗೆ ಬಂತು. ಕೆದಕಿದೆ. ತಳದಲ್ಲಿ ಒಂದು ಕ್ಯಾಸೆಟ್ಟು. ಮೇಲೆ ಕೈಯಲ್ಲಿ ಬರೆದ ಕ್ರಮಸಂಖ್ಯೆ, ಹೆಸರು. ಯಾರ ಹೆಸರೆಂದು ಹೇಳಿದರೆ ಓದುಗರಲ್ಲಿ ಹೆಚ್ಚಿನವರಿಗೆ ಅರ್ಥವಾಗುವುದಿಲ್ಲ. ಅರ್ಥವಾಗುವ ಇಬ್ಬರು ಮೂವರು ಇದ್ದರೆ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಒಂದು ಪ್ರಸಿದ್ಧ ತಂಡದಲ್ಲಿ ಯಾವಾಗಲೂ ಹಿಂದೆ ಮುಖ ಕಾಣದಂತೆ ನಿಂತಿರುತ್ತಿದ್ದವನು, ತಂಡ ಬಿಟ್ಟ ಮೇಲೆ ಸ್ನೇಹಿತರಿಗೆಂದು ತಾನೇ ಕೆಲವೇ ಪ್ರತಿ ಮಾಡಿ ಹಂಚಿದ ಮುದ್ರಿಕೆ ಅದು. ನಾನು ಇಪ್ಪತ್ತು ವರ್ಷ ಅದರ ಬಗ್ಗೆ ಓದಿದ್ದೆ, ಕೇಳಿರಲಿಲ್ಲ.

ಮೆಹಬೂಬ್‌ಭಾಯ್ ತಮ್ಮ ಅಂಗಡಿಯ ಟೇಪಿನಲ್ಲಿ ಹಾಕಿದರು. ಏಳು ಸ್ವರಗಳು ಮೇಲೇರುತ್ತವೆ. ಆರನೆಯದು ಮುಗಿದ ಮೇಲೆ ಏಳನೆಯದು ಬರಲೋ ಬೇಡವೋ ಎಂದು ತುಸು ತಡೆಯುತ್ತದೆ. ಅಷ್ಟರಲ್ಲಿ ನಮ್ಮ ಎದೆಯಲ್ಲಿ ಏನೋ ನಿಂತುಹೋಗುತ್ತದೆ. ಆಮೇಲೆ ಬರುತ್ತದೆ. ಇಷ್ಟೇ. ತಗಡು, ಹಳೆಯ ಪೇಪರು, ಮುರಿದ ಕೂಲರುಗಳ ನಡುವೆ ನಿಂತು ಒಂದು ಬದಿ ಪೂರ್ತಿ ಕೇಳಿದೆ. ಮುಗಿದಾಗ ಮೆಹಬೂಬ್‌ಭಾಯ್, "ಯಾಕ್ರಿ ಸಾಹೇಬ್ರ, ಕಣ್ಣಾಗ ಧೂಳ ಬಿತ್ತೇನು?" ಎಂದು ಕೇಳಿದರು. ಹೌದೆಂದೆ.

ಪೆಟ್ಟಿಗೆ ಇನ್ನೂ ಅವರದಾಗಿರಲಿಲ್ಲ. ಸತ್ತವನ ಮನೆಯ ಮಾಲಕಿ ಶುಕ್ರವಾರ ಬಂದು ಒಪ್ಪಬೇಕಿತ್ತು. ನಮ್ಮ ರದ್ದಿ ಲೋಕದಲ್ಲಿ ಇದಕ್ಕೊಂದು ಧರ್ಮವಿದೆ: ವಸ್ತುವಿನ ಮೇಲೆ ಹೆಸರು ಬರೆದ ಚೀಟಿ ಇಟ್ಟರೆ ಅದು ಅವನದು, ಬೇರೆಯವರು ಮುಟ್ಟುವಂತಿಲ್ಲ. ಚೀಟಿ ಇಟ್ಟೆ. ಆ ಸಂತೋಷವನ್ನು ಒಬ್ಬನೇ ತಾಳಲಾರದೆ ನೇರ ಶೆಟ್ಟರ ಹತ್ತಿರ ಹೋಗಿ ಹೇಳಿಕೊಂಡೆ. ಹೇಳದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಆ ಮಾಲಕಿ ಶೆಟ್ಟರ ಹೋಟೆಲಿನ ಹಳೆಯ ಗಿರಾಕಿ. ಗುರುವಾರವೇ ಶೆಟ್ಟರು ಆಕೆಯನ್ನು ಕರೆದುಕೊಂಡು ಹೋಗಿ, ಒಪ್ಪಿಸಿ, ಕ್ಯಾಸೆಟ್ಟು ಎತ್ತಿಕೊಂಡು ಬಂದರು. ಮೆಹಬೂಬ್‌ಭಾಯ್ ಅವರಿಂದ ವಿಷಯ ತಿಳಿದು ನಾನು ಸಿಟ್ಟಿನಿಂದ ಶೆಟ್ಟರ ಗಲ್ಲಾದ ಮುಂದೆ ನಿಂತಾಗ ಅವರು ಜೇಬಿನಿಂದ ನನ್ನ ಚೀಟಿ ತೆಗೆದು, ನೀಟಾಗಿ ಮಡಚಿದ್ದನ್ನು, ನನ್ನ ಕೈಗೆ ಕೊಟ್ಟರು.

"ಇದು ನಿಮ್ಮದು, ರಾಯರೇ. ಕಳೆದು ಹೋಗ್ಬಾರ್ದು ಅಂತ ಜೋಪಾನ ಇಟ್ಟಿದ್ದೆ."

ಓದುಗರೇ, ಕ್ಯಾಸೆಟ್ಟು ಹೋದದ್ದನ್ನು ನಾನು ಒಂದಲ್ಲ ಒಂದು ದಿನ ಕ್ಷಮಿಸುತ್ತಿದ್ದೆನೇನೋ. ಆ ಚೀಟಿಯನ್ನು ಕ್ಷಮಿಸುವುದು ಮನುಷ್ಯಮಾತ್ರರಿಗೆ ಸಾಧ್ಯವಿರಲಿಲ್ಲ.

"ಬರ್ತಾ ಇರಿ, ಇಲ್ಲೇ ಕೇಳುವಾ" ಎಂದೂ ಸೇರಿಸಿದರು. ನಾನು ಎರಡು ವರ್ಷ ಆ ಬೀದಿಗೆ ಕಾಲಿಡಲಿಲ್ಲ. ಆ ಎರಡು ವರ್ಷ ಸುಮ್ಮನೆ ಕೂತೆನೆಂದು ತಿಳಿಯಬೇಡಿ. ಸೇಡಿನ ಬಗ್ಗೆ ನಾನು ಮಾಡಿದಷ್ಟು ಅಧ್ಯಯನವನ್ನು ಓದುವ ವಯಸ್ಸಿನಲ್ಲಿ ಮಾಡಿದ್ದರೆ ದೊಡ್ಡ ಹುದ್ದೆಗೆ ಹೋಗುತ್ತಿದ್ದೆ. ಅವರ ಸಾಂಬಾರಿನಲ್ಲಿ ಜಿರಲೆ ಬಿತ್ತೆಂದು ಸುದ್ದಿ ಹಬ್ಬಿಸಬಹುದಿತ್ತು. ಆದರೆ ಸಾಂಬಾರು ನನಗೇನೂ ಅನ್ಯಾಯ ಮಾಡಿರಲಿಲ್ಲ. ಕದಿಯಬಹುದಿತ್ತು, ಆದರೆ ಕದ್ದದ್ದನ್ನು ಯಾರಿಗೂ ತೋರಿಸುವ ಹಾಗಿಲ್ಲ. ಕೊನೆಗೆ ನನ್ನ ವಿದ್ಯೆಯೇ ದಾರಿ ತೋರಿಸಿತು. ಕ್ಯಾಸೆಟ್ಟಿನಲ್ಲಿ ಇರುವುದು ಕಾಂತದ ಗುರುತುಗಳಷ್ಟೇ. ಅದರ ಮೇಲೆ ಜೋರಾದ ಕಾಂತವನ್ನು ಕ್ರಮವಾಗಿ ಆಡಿಸಿದರೆ ಟೇಪು ಹರಿಯುವುದಿಲ್ಲ, ಸುಕ್ಕಾಗುವುದಿಲ್ಲ, ಸಂಗೀತ ಮಾತ್ರ ಸ್ವಚ್ಛವಾಗಿ ಮಾಯವಾಗುತ್ತದೆ. ನನಗೆ ಸಿಗದ್ದು ಅವರಿಗೂ ಇರಬಾರದು. ಹಳೆಯ ಟ್ರಾನ್ಸ್‌ಫಾರ್ಮರಿನ ತಂತಿ ಸುತ್ತಿ, ಅಂಗೈಯಗಲದ ಒಂದು ಕಾಂತದ ಸುರುಳಿಯನ್ನು ಮನೆಯಲ್ಲೇ ತಯಾರಿಸಿದೆ. ನನ್ನ ಭಾವಮೈದುನನ ಮದುವೆಯ ಕ್ಯಾಸೆಟ್ಟಿನ ಮೇಲೆ ಪ್ರಯೋಗ ಮಾಡಿದೆ. ಮಂಗಳಾಷ್ಟಕ, ವಾಲಗ, ಬೀಗರ ಭಾಷಣ, ಒಂದೂ ಉಳಿಯಲಿಲ್ಲ.

ಮೊದಲೇ ಹೇಳಿದ ಆ ಭಾನುವಾರ ಧಾರವಾಡದ ಪೇಡೆಯ ಡಬ್ಬಿ ಹಿಡಿದು ಶೆಟ್ಟರಲ್ಲಿಗೆ ಹೋದೆ. ಚೀಲದಲ್ಲಿ ಡಬ್ಬಿಯ ಕೆಳಗೆ ಸುರುಳಿ.

"ಅಬ್ಬ, ಸಿಟ್ಟು ಇಳೀತಾ ರಾಯರದ್ದು!" ಎಂದು ಶೆಟ್ಟರು ಎರಡೂ ಕೈ ಹಿಡಿದುಕೊಂಡರು.

"ಹೋಗ್ಲಿ ಬಿಡ್ರಿ ಶೆಟ್ರ. ಎಷ್ಟು ದಿನಾ ಅಂತ ಸಿಟ್ಟು ಹಿಡದು ಕೂಡೋದು" ಎಂದೆ. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ನನಗೇ ಗೊತ್ತಿರಲಿಲ್ಲ.

ಮೇಲಿನ ಕೋಣೆಯಲ್ಲಿ ಕ್ಯಾಸೆಟ್ಟು ಯಂತ್ರದ ಪಕ್ಕದಲ್ಲೇ ಇತ್ತು. ಕೆಳಗೆ ಗ್ಯಾಸಿನ ಸಿಲಿಂಡರು ತಂದವನು ಕೂಗಿದ, ಶೆಟ್ಟರು ಇಳಿದು ಹೋದರು. ವಾರಿಜಕ್ಕ ಅಡಿಗೆಮನೆಯಲ್ಲಿ ಕಾಫಿ ಮಾಡುತ್ತಿದ್ದರು. ಗೋಡೆಯ ಪ್ಲಗ್ಗಿಗೆ ಸುರುಳಿ ಸಿಕ್ಕಿಸಿ, ಕ್ಯಾಸೆಟ್ಟಿನ ಎರಡೂ ಬದಿಗೆ ವೃತ್ತಾಕಾರವಾಗಿ ಆಡಿಸಿ, ನಿಯಮದ ಪ್ರಕಾರ ನಿಧಾನವಾಗಿ ದೂರ ಸರಿಸಿ, ಆಮೇಲೆ ಸ್ವಿಚ್ಚು ಆರಿಸಿದೆ. ಅರೆಬರೆ ಕೆಲಸ ನನ್ನ ಜಾಯಮಾನದಲ್ಲೇ ಇಲ್ಲ. ಎಲ್ಲವನ್ನೂ ಚೀಲಕ್ಕೆ ಹಾಕಿ, ಮುಖವನ್ನು ಅನುಕಂಪಕ್ಕೆ ಸಿದ್ಧಪಡಿಸಿಕೊಂಡು ಕೂತೆ. "ಅಯ್ಯೋ, ಏನಾತ್ರಿ ಶೆಟ್ರ! ಹಳೇ ಟೇಪು ನೋಡ್ರಿ" ಎಂಬ ಮಾತನ್ನು ದಾರಿಯಲ್ಲೇ ಅಭ್ಯಾಸ ಮಾಡಿಕೊಂಡು ಬಂದಿದ್ದೆ.

ಶೆಟ್ಟರು ಬಂದು, ಪೇಡೆ ಬಾಯಿಗಿಟ್ಟುಕೊಂಡು, ಕ್ಯಾಸೆಟ್ಟು ಹಾಕಿದರು. ಸ್ಪೀಕರಿನಿಂದ 'ಹಿಸ್' ಎಂಬ ಖಾಲಿ ಟೇಪಿನ ಸದ್ದು ಬಂತು. ಅಷ್ಟೇ. ನಾನು ಕಾದೆ.

ಶೆಟ್ಟರು ಕಣ್ಣು ಮುಚ್ಚಿದರು. ಅವರ ತಲೆ ಮೆಲ್ಲಗೆ ಆಡತೊಡಗಿತು. ವಾರಿಜಕ್ಕ ಕಾಫಿ ಇಟ್ಟವರು ಬೀನ್ಸಿಗೆ ಕೈ ಹಾಕದೆ ಸ್ಪೀಕರಿನ ಕಡೆ ತಿರುಗಿ ಕೂತರು. ತುಸು ಹೊತ್ತಾದ ಮೇಲೆ, "ಇದು ಕೇಳುವಾಗೆಲ್ಲ ನಂಗೆ ಅಪ್ಪಯ್ಯನ ದೋಣಿ ನೆನಪಾಗ್ತದೆ. ಬರ್ತದೋ ಇಲ್ವೋ ಅಂತ ದಡದಲ್ಲಿ ನಿಲ್ತಿದ್ದೆವು" ಎಂದರು.

ಯಂತ್ರದ ಗಾಜಿನ ಹಿಂದೆ ಎರಡು ಮುಳ್ಳುಗಳಿದ್ದವು. ಸದ್ದು ಬಂದರೆ ಅವು ಏಳಬೇಕು. ಎರಡೂ ಎಡಗಡೆಗೆ ಮಲಗಿಕೊಂಡಿದ್ದವು, ಒಂದು ಕೂದಲೆಳೆಯಷ್ಟೂ ಮಿಸುಕಲಿಲ್ಲ. ಜೀವಮಾನವಿಡೀ ಮುಳ್ಳು ನೋಡಿದವನು ನಾನು, ಇದರಲ್ಲಿ ತಪ್ಪುವುದಿಲ್ಲ. ಕ್ಯಾಸೆಟ್ಟು ಖಾಲಿಯಿತ್ತು. ಆ ಇಬ್ಬರೂ ಅದನ್ನು ಕೇಳುತ್ತಿದ್ದರು.

ಮೊದಲು ಹೊಳೆದದ್ದು ಇದು ನಾಟಕವೆಂದು. ನಾನು ಮಾಡಿದ್ದನ್ನು ಬಾಗಿಲ ಸಂದಿಯಿಂದ ನೋಡಿ, ನನ್ನನ್ನು ಹುಚ್ಚನನ್ನಾಗಿ ಮಾಡಲು ಗಂಡ ಹೆಂಡತಿ ಸೇರಿ ಹೂಡಿದ ಆಟ. ಹಾಗಿದ್ದರೆ ಅದು ನನ್ನದಕ್ಕಿಂತ ಉತ್ತಮ ದರ್ಜೆಯ ಸೇಡು. ಪತ್ತೆ ಹಚ್ಚಲೇಬೇಕೆಂದು ಮತ್ತೆ ಪ್ರತಿ ಭಾನುವಾರ ಹೋಗತೊಡಗಿದೆ. ಪ್ರತಿ ಭಾನುವಾರ ಅದೇ: ಅವರಿಗೆ ಸಂಗೀತ, ನನಗೆ ಹಿಸ್.

ಒಂದು ತಿಂಗಳ ನಂತರ ಹೋಟೆಲಿಗೆ ಹೊಸ ಅಡಿಗೆಯವರು ಸೇರಿದರು. ಸುಧಾಕರ ಎಂದು, ಐವತ್ತು ದಾಟಿದವರು, ಹಿಂದಿನ ವಾರವಷ್ಟೇ ಊರಿನಿಂದ ಬಂದಿಳಿದಿದ್ದರು. ನಾನು ಮೆಟ್ಟಿಲು ಇಳಿದು ಬರುವಾಗ ಅವರು ಮರುದಿನದ ಉದ್ದು ತೊಳೆಯುತ್ತ ಏನೋ ಗುನುಗುತ್ತಿದ್ದರು. ಏಳು ಸ್ವರ. ಆರನೆಯದಾದ ಮೇಲೆ ತಡೆದರು. ನಾನು ಮೆಟ್ಟಿಲ ಮೇಲೆಯೇ ನಿಂತೆ. ಏಳನೆಯದು ಬಂತು.

"ಎಲ್ಲಿ ಕಲ್ತ್ರಿ ಇದನ್ನ?" ಎಂದೆ.

"ಮೇಲೆ ಧಣಿಗಳು ಹಾಕ್ತಾರಲ್ಲ, ಅದೇ. ಇಲ್ಲಿವರೆಗೆ ಕೇಳ್ತದೆ. ಒಮ್ಮೆ ಕೇಳಿದ್ರೆ ಬಿಡುದಿಲ್ಲ ಮಾರಾಯ್ರೆ, ಅಂಟಿಕೊಳ್ತದೆ" ಎಂದು ನಕ್ಕರು.

ಆ ಸ್ವರಗಳನ್ನು ನಾನು ಯಾರೆದುರೂ ಗುನುಗಿರಲಿಲ್ಲ, ಟೇಪು ಅಳಿಸಿದ್ದು ಇವರು ಬರುವ ಮೊದಲೇ. ಕಿವಿಯ ಡಾಕ್ಟರ ಹತ್ತಿರ ಹೋದೆ. ನಿಮ್ಮ ವಯಸ್ಸಿಗೆ ಇಂಥ ಕಿವಿ ಅಪರೂಪವೆಂದು ಅಭಿನಂದಿಸಿ ಕಳಿಸಿದರು.

ಒಂದು ವರ್ಷ ತಡೆದೆ. ಅಷ್ಟರಲ್ಲಿ ನನಗೊಂದು ವಿಷಯ ಸ್ಪಷ್ಟವಾಗಿತ್ತು. ಸೇಡೆಂದರೆ ಎದುರಿನವನಿಗೆ ನೋವಾಗಬೇಕು. ಇಲ್ಲಿ ಶೆಟ್ಟರು ದಿನೇ ದಿನೇ ಹಸನ್ಮುಖಿಗಳಾಗುತ್ತಿದ್ದರು. ಕ್ಯಾಸೆಟ್ಟು ಕಳೆದುಕೊಂಡವನು ನಾನೊಬ್ಬನೇ. ಅದೂ ಎರಡನೆಯ ಸಲ. ನಾನು ಮಾಡಿದ್ದು ಅವರಿಗೆ ತಲುಪಲೇಬೇಕು, ಕನಿಷ್ಠ ಬಾಯಿಮಾತಿನಲ್ಲಾದರೂ ಅವರಿಗೆ ಚುಚ್ಚಬೇಕು ಎಂದು ನಿಶ್ಚಯಿಸಿ ಒಂದು ಭಾನುವಾರ ಹೇಳಿಯೇಬಿಟ್ಟೆ. ಟೇಪು ಓಡುತ್ತಿತ್ತು.

"ಶೆಟ್ರ, ಅದರಾಗ ಏನೂ ಇಲ್ಲ. ನಾನ ಅಳಿಸೀನಿ."

ಅವರು ಕಣ್ಣು ತೆರೆದರು. "ಯಾವಾಗ?"

"ಹ್ವಾದ ವರ್ಷ. ಪೇಡೆ ತಂದಿದ್ನಲ್ಲ, ಆವತ್ತು. ಬೇಕಂತನ ಅಳಿಸೀನಿ. ನೀವು ಚೀಟಿ ಕೊಟ್ರಲ್ಲ, ಅದಕ್ಕ."

ನನ್ನನ್ನು ಬೈಯುತ್ತಾರೆ, ಹೊಡೆಯಲೂಬಹುದು ಎಂದು ಆಸೆಯಿಂದ ಕಾದೆ. ಶೆಟ್ಟರು ಸ್ಪೀಕರನ್ನು ನೋಡಿದರು, ನನ್ನನ್ನು ನೋಡಿದರು.

"ಹಾಗಾದ್ರೆ ಒಂದು ವರ್ಷದಿಂದ ನಾವು ಕೇಳುದು ಎಂಥದು ಮಾರಾಯ್ರೆ?"

"ಅದನ್ನ ನಿಮ್ಮನ್ನ ಕೇಳ್ಲಿಕ್ಕೆ ಬಂದೀನಿ. ನನಗ ಏನೂ ಕೇಳ್ಸೂದಿಲ್ಲ."

ಅವರ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಂದದ್ದು ಕನಿಕರ. ಆ ಕನಿಕರವನ್ನು ನೆನೆದರೆ ಇವತ್ತಿಗೂ ಹಲ್ಲು ಕಡಿಯುವಂತಾಗುತ್ತದೆ. ಅವರು ಎದ್ದು ಯಂತ್ರ ನಿಲ್ಲಿಸಿ, ಕ್ಯಾಸೆಟ್ಟು ತೆಗೆದು, ಡಬ್ಬಿಯಲ್ಲಿಟ್ಟು ನನ್ನ ಮುಂದೆ ಹಿಡಿದರು. "ನಾನು ಆವತ್ತು ಮಾಡಿದ್ದು ಸರಿಯಲ್ಲ. ತಕೊಂಡು ಹೋಗಿ. ಮನೆಯಲ್ಲಿ ಸಮಾಧಾನದಲ್ಲಿ ಕೇಳಿ. ಕೇಳ್ತದೆ."

ಇಪ್ಪತ್ತು ವರ್ಷ ಹುಡುಕಿದ್ದು ಕೈಗೆ ಬಂದಿತ್ತು. ಒಯ್ದು ಏನು ಮಾಡಲಿ? ನನ್ನ ಮನೆಯಲ್ಲಿ ನನ್ನಷ್ಟಕ್ಕೆ ನಾನೇ ಹಿಸ್ ಕೇಳುತ್ತ ಕೂತಿರಲೇ? ತಿರುಗಿ ಕೊಟ್ಟೆ. "ಇಲ್ಲೇ ಇರ್ಲಿ" ಎಂದೆ. ಅದನ್ನು ಅವರು ಔದಾರ್ಯವೆಂದು ತಿಳಿದರು. ಅದಕ್ಕೂ ಅವರನ್ನು ನಾನು ಕ್ಷಮಿಸಿಲ್ಲ.

ಇದಕ್ಕೆ ನನ್ನ ಹತ್ತಿರ ವಿವರಣೆ ಇಲ್ಲ. ನನ್ನ ಸುರುಳಿ ಸರಿಯಿತ್ತು, ಮುಳ್ಳು ಸರಿಯಿತ್ತು, ಕಿವಿ ಸರಿಯಿತ್ತು. ಮೂರೂ ಸರಿಯಿದ್ದು ಫಲ ಮಾತ್ರ ತಪ್ಪಾಗಿದ್ದರೆ ತಪಾಸಣೆಯ ಫಾರಮಿನಲ್ಲಿ ಏನು ಬರೆಯಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಆವತ್ತು ಶೆಟ್ಟರು ಕ್ಯಾಸೆಟ್ಟನ್ನು ಮತ್ತೆ ಯಂತ್ರಕ್ಕೆ ಹಾಕಿದರು. "ಕೂತ್ಕೊಳ್ಳಿ. ಈಗ ಒಳ್ಳೆ ಜಾಗ ಬರ್ತದೆ" ಎಂದು ಬೆರಳೆತ್ತಿ ಕಣ್ಣು ಮುಚ್ಚಿದರು. ಅಡಿಗೆಮನೆಯಿಂದ ವಾರಿಜಕ್ಕನ ದನಿ ಬಂತು: "ಸ್ವಲ್ಪ ಜೋರು ಇಡಿ, ಇಲ್ಲಿಗೆ ಕೇಳುದಿಲ್ಲ."

ಯಂತ್ರಕ್ಕೆ ಹತ್ತಿರ ಕೂತಿದ್ದವನು ನಾನು. ಗುಂಡಿ ತಿರುಗಿಸಿದೆ. ಹಿಸ್ ಎಂಬ ಸದ್ದು ಜೋರಾಯಿತು.

"ಹಾಂ, ಈಗ ಸಾಕು" ಎಂದರು ವಾರಿಜಕ್ಕ.