ಮೊಸಾಯಿಕ್ ಹೇಳಿದ ಶನಿವಾರ

ನನ್ನ ತಪ್ಪೊಂದನ್ನು ನಾನು ಬಹಳ ವರ್ಷ ಕಂಪ್ಯೂಟರಿನ ತಲೆಗೆ ಕಟ್ಟಿದ್ದೆ. ಕೇಳಿದವರೂ ಹೌದೌದು ಅನ್ನುತ್ತಿದ್ದರು. ಆ ಕಾಲದಲ್ಲಿ ಕಂಪ್ಯೂಟರೆಂದರೆ ಯಾರು ಯಾವ ತಪ್ಪನ್ನು ಹೊರಿಸಿದರೂ ಬಾಯಿಬಿಡದ ಪೆಟ್ಟಿಗೆ. ಈಗ ಹೇಳಿಬಿಡುತ್ತೇನೆ. ತಪ್ಪು ಪೆಟ್ಟಿಗೆಯದಲ್ಲ, ನನ್ನದು.

ನಾನಾಗ ತಿರುವನಂತಪುರದಲ್ಲಿ ಒಂದು ಕೇಂದ್ರ ಸಂಸ್ಥೆಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಊರು ಮಂಗಳೂರಿನ ಕಡೆ. ತೊಂಬತ್ತನಾಲ್ಕರಲ್ಲಿ ನಮ್ಮಲ್ಲಿ ಇಂಟರ್ನೆಟ್ ಲೈನು ಇತ್ತು, ಆದರೆ ಪರದೆಯಲ್ಲಿ ಬರೀ ಅಕ್ಷರ. ವಿದೇಶಕ್ಕೆ ಹೋಗಿಬಂದ ವಿಜ್ಞಾನಿಯೊಬ್ಬರು ಮೊಸಾಯಿಕ್ ಎಂಬ ಬ್ರೌಸರನ್ನು ಒಂದು ಟೇಪಿನಲ್ಲಿ ತಂದು ನನ್ನ ಮೇಜಿನ ಮೇಲಿಟ್ಟರು. ನಮ್ಮ ಯಂತ್ರದ ಮೇಲೆ ಅದು ಸುತರಾಂ ಓಡಲಿಲ್ಲ. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೈಕೊಡುತ್ತಿತ್ತು. ಹನ್ನೊಂದು ದಿನ ಅದರ ಬೆನ್ನು ಬಿದ್ದೆ, ಊಟ ತಿಂಡಿ ಬಿಟ್ಟೆ, ಕಂಡಕಂಡವರ ಮೇಲೆ ರೇಗಿದೆ. ಹನ್ನೆರಡನೆಯ ದಿನ ಬೂದು ಬಣ್ಣದ ಕಿಟಕಿಯೊಂದು ತೆರೆದುಕೊಂಡಿತು. ಬಹಳ ಹೊತ್ತು ಕಾದ ಮೇಲೆ ಅದರೊಳಗೆ ಅಕ್ಷರಗಳ ನಡುವೆಯೇ ಒಂದು ಮೋಡದ ಚಿತ್ರ ಒಮ್ಮೆಗೇ ಮೂಡಿತು. ನಾನು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ.

ಆಮೇಲೆ ನನ್ನ ದರ್ಬಾರು. ನಿರ್ದೇಶಕರೇ ಬಂದು ನನ್ನ ಬೆನ್ನ ಹಿಂದೆ ನಿಂತು ನೋಡಿದರು. ನೀಲಿ ಅಕ್ಷರದ ಮೇಲೆ ಒತ್ತಿದರೆ ಬೇರೆ ದೇಶದ ಪುಟ ಬರುತ್ತದೆ ಎಂಬುದನ್ನು ನೋಡಲು ಬೇರೆ ವಿಭಾಗದವರು ಊಟದ ಹೊತ್ತಿನಲ್ಲಿ ಸಾಲು ನಿಲ್ಲುತ್ತಿದ್ದರು. "ಮೊಸಾಯಿಕ್ ಮೇಡಂ" ಎಂದೇ ನನಗೆ ಹೆಸರಾಯಿತು. ಸುಳ್ಳು ಯಾಕೆ ಹೇಳಲಿ, ನನಗೆ ಅದು ಬಹಳ ಇಷ್ಟವಾಗಿತ್ತು.

ಎರಡೇ ವರ್ಷ. ಹೊಸ ಬ್ರೌಸರು ಬಂತು, ಎಲ್ಲರೂ ಅತ್ತ ಹೋದರು. ಅದು ವೇಗ, ಅದರಲ್ಲಿ ಚಿತ್ರ ಪೂರ್ತಿ ಇಳಿಯುವ ಮೊದಲೇ ಓದಬಹುದು, ಹೊಸ ಹೊಸ ನಮೂನೆಯ ಪುಟಗಳೂ ಕಾಣುತ್ತವೆ. ಪಕ್ಕದ ಮೇಜಿಗೆ ಹೊಸದಾಗಿ ಸೇರಿದ್ದ ಕೊಲ್ಲಂ ಕಡೆಯ ಹುಡುಗಿ ತನ್ನ ಯಂತ್ರಕ್ಕೆ ಅದನ್ನು ಹಾಕಿಕೊಂಡಳು. ನನ್ನನ್ನು ಅವಳು ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದಳು. "ಚೇಚಿ, ನಿಮಗೂ ಹಾಕಿಕೊಡಲಾ? ಐದು ನಿಮಿಷದ ಕೆಲಸ" ಅಂದಳು. ಐದು ನಿಮಿಷವಂತೆ! ನನ್ನ ಹನ್ನೊಂದು ದಿನದ ಮುಂದೆ ಐದು ನಿಮಿಷ! ನನಗೆ ಮೈಯೆಲ್ಲ ಉರಿಯಿತು. "ನನ್ನದು ಚೆನ್ನಾಗಿಯೇ ಉಂಟು, ನೀನು ನಿನ್ನದು ನೋಡಿಕೋ" ಅಂದೆ. ಮೊಸಾಯಿಕ್‌ಗೂ ಆಮೇಲಿನ ಆವೃತ್ತಿಗಳು ಬಂದಿದ್ದವು. ಅವನ್ನೂ ನಾನು ಹಾಕಲಿಲ್ಲ. ನಾನು ಕೂರಿಸಿದ್ದು ನಾನು ಕೂರಿಸಿದಂತೆಯೇ ಇರಬೇಕು, ಅಷ್ಟೇ.

ನನ್ನ ತಂಗಿ ಆಗ ಕೊಚ್ಚಿಯಲ್ಲಿದ್ದಳು. ಬ್ಯಾಂಕಿನ ಕೆಲಸ, ಕಳಮಶ್ಶೇರಿಯಲ್ಲಿ ಬಾಡಿಗೆ ಮನೆ. ಗಂಡ ಸರಕು ಹಡಗಿನಲ್ಲಿ ಎಂಜಿನಿಯರು. ಅವರು ಹಡಗು ಹತ್ತಿದಾಗ ಅವಳಿಗೆ ಐದು ತಿಂಗಳು. ಹೆಣ್ಣುಮಗು ಹುಟ್ಟಿ ನಾಲ್ಕು ತಿಂಗಳಾಗಿದ್ದರೂ ಅಪ್ಪ ಮಗುವಿನ ಮುಖ ಕಂಡಿರಲಿಲ್ಲ. ಫೋಟೋ ಕಳಿಸಿದ್ದಳು, ಅದು ಯಾವ ಬಂದರಿನಲ್ಲಿ ಅವರ ಹಿಂದೆ ಅಲೆಯುತ್ತಿತ್ತೋ ಗೊತ್ತಿಲ್ಲ. ಆಗ ಒಂದು ಕಾಗದ ಬಂತು. ಹಡಗು ಕೊಚ್ಚಿಗೆ ಬರಬಹುದು, ಕೆಲವೇ ಗಂಟೆ ನಿಲ್ಲುತ್ತದೆ, ಎಂಜಿನ್ನಿನ ಕೆಲಸ ಬಿಟ್ಟು ಕೆಳಗಿಳಿಯಲು ನನಗಾಗುವುದಿಲ್ಲ, ದಿನ ವಿಚಾರಿಸಿಕೊಂಡು ನೀನೇ ಮಗುವನ್ನು ಕರೆದುಕೊಂಡು ಬಾ, ಬಂದರಿನ ಗೇಟಿನಲ್ಲಿ ಹಡಗು ಕಂಪನಿಯ ಏಜೆಂಟರ ಕಡೆಯವರಿಂದ ಪಾಸು ಪಡೆದರೆ ಹಡಗಿನ ಹತ್ತಿರ ಬಿಡುತ್ತಾರೆ ಎಂದು ಬರೆದಿದ್ದರು. ಅದು ತಪ್ಪಿದರೆ ಮತ್ತೆ ಐದು ತಿಂಗಳು.

ತಂಗಿ ಏಜೆಂಟರ ಆಫೀಸಿಗೆ ಫೋನು ಮಾಡಿದಳು. ಅಲ್ಲಿನ ಗುಮಾಸ್ತ, "ಗುರುವಾರ ಆಗಬಹುದು, ಬದಲಾದರೂ ಬದಲಾದೀತು" ಅಂದನಂತೆ. ಅವಳು ಹೆರಿಗೆ ರಜೆ ಮುಗಿಸಿ ಹೊಸ ಶಾಖೆಗೆ ಸೇರಿ ಮೂರು ವಾರ. ಒಂದು ದಿನ ರಜೆ ಕೇಳುವುದೇ ದೊಡ್ಡ ಮಾತು, ಎರಡು ದಿನ ಕೇಳುವ ಹಾಗೇ ಇಲ್ಲ. ಸರಿಯಾದ ದಿನ ಯಾವುದೆಂದು ತಿಳಿಯಲೇಬೇಕಿತ್ತು. ಬೂತಿನಿಂದ ನನಗೆ ಫೋನು ಮಾಡಿದಳು.

"ಅಕ್ಕಾ, ಹಡಗಿನ ಕಂಪನಿಯವರು ನಿಮ್ಮ ಇಂಟರ್ನೆಟ್ಟಿನಲ್ಲಿ ವೇಳಾಪಟ್ಟಿ ಹಾಕ್ತಾರಂತೆ. ಹೌದಾ?"

"ಹಾಕ್ತಾರೆ ಮಾರಾಯ್ತಿ. ಹತ್ತು ನಿಮಿಷ ಬಿಟ್ಟು ಮಾಡು."

ಪುಟ ಹುಡುಕಿ ತೆಗೆದೆ. ಮೊದಲ ಸಾಲಿನಲ್ಲಿ ಮೂರು ಹಡಗುಗಳ ಹೆಸರು, ಅವುಗಳಲ್ಲಿ ಎರಡನೆಯದು ನಮ್ಮದು. ಕೆಳಗೆ ಬಂದರುಗಳ ಹೆಸರು, ಒಂದೊಂದರ ಮುಂದೆ ವಾರ, ತಾರೀಕು, ಹೊರಡುವ ಹೊತ್ತು, ಎಲ್ಲ ಒಂದಕ್ಕೊಂದು ಅಂಟಿಕೊಂಡು ಬಂದಿತ್ತು. ಕೊಚ್ಚಿಯ ಮುಂದೆ ಎರಡೇ ದಿನ ಇದ್ದವು: ಮೊದಲು ಗುರುವಾರ, ಆಮೇಲೆ ಶನಿವಾರ. ಮೊದಲನೆಯದು ಮೊದಲನೇ ಹಡಗಿಗೆ, ಎರಡನೆಯದು ಎರಡನೆಯದಕ್ಕೆ. ಮೂರನೆಯದು ಕೊಚ್ಚಿಗೆ ಬರುವುದಿಲ್ಲ ಎಂದುಕೊಂಡೆ. ಇಷ್ಟು ಸುಲಭದ ಲೆಕ್ಕ.

"ಶನಿವಾರ" ಅಂದೆ, ಅವಳು ಮತ್ತೆ ಫೋನು ಮಾಡಿದಾಗ.

"ಏಜೆಂಟಿನವನು ಗುರುವಾರ ಹೇಳ್ತಾನಲ್ಲ ಅಕ್ಕಾ?"

"ಅವನಿಗೆ ಎಂಥ ಮಣ್ಣು ಗೊತ್ತುಂಟು? ಬೇರೆ ಹಡಗಿನದ್ದು ಹೇಳಿರಬೇಕು. ಇದು ಕಂಪನಿಯವರೇ ಹಾಕಿದ ಪುಟ, ನನ್ನ ಕಣ್ಣೆದುರು ಉಂಟು. ನೀನು ಸುಮ್ಮನೆ ಶನಿವಾರ ಹೋಗು."

"ಶನಿವಾರ ಅರ್ಧ ದಿನ ಬ್ಯಾಂಕು, ರಜೆ ಸಿಗ್ತದೆ. ದೇವರು ದೊಡ್ಡವನು" ಅಂದಳು. ಮಗುವಿಗೆ ಹಳದಿ ಫ್ರಾಕು ಹೊಲಿಸಿದ್ದಾಳೆಂದೂ ಹೇಳಿದಳು.

ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾನು ಆ ಪುಟವನ್ನು ಸುಮ್ಮನೆ ಮತ್ತೊಮ್ಮೆ ತೆಗೆದಿದ್ದೆ, ಹೊತ್ತೇನಾದರೂ ಬದಲಾಗಿದೆಯೋ ನೋಡಲು. ಕೊಲ್ಲಂ ಹುಡುಗಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಚೇಚಿ, ಇದನ್ನು ಹೇಗೆ ಓದುತ್ತೀರಿ? ಎಲ್ಲ ಕಲಸುಮೇಲೋಗರ" ಅಂದಳು. ನಾನು ಉತ್ತರ ಕೊಡುವ ಮೊದಲೇ ತನ್ನ ಯಂತ್ರದಲ್ಲಿ ಅದೇ ಪುಟ ತೆಗೆದಳು.

ಅವಳ ಪರದೆಯಲ್ಲಿ ಗೆರೆ ಎಳೆದ ಕೋಷ್ಟಕವಿತ್ತು. ಮೂರು ಹಡಗಿಗೆ ಮೂರು ಕಾಲಂ. ಕೊಚ್ಚಿಯ ಸಾಲಿನಲ್ಲಿ ಮೊದಲ ಹಡಗಿನ ಚೌಕ ಖಾಲಿ. ಅದು ಕೊಚ್ಚಿಗೆ ಬರುವುದೇ ಇಲ್ಲ. ಎರಡನೆಯದರ ಚೌಕದಲ್ಲಿ ಗುರುವಾರ, ಮಧ್ಯಾಹ್ನ ಮೂರಕ್ಕೆ ಹೊರಡುವುದು. ಶನಿವಾರ ಮೂರನೆಯದರದು. ನನ್ನ ಹಳೆಯ ಮೊಸಾಯಿಕ್‌ಗೆ ಕೋಷ್ಟಕವೆಂದರೇನೆಂದೇ ಗೊತ್ತಿರಲಿಲ್ಲ. ಗೆರೆ ಬಿಟ್ಟು, ಖಾಲಿ ಚೌಕ ಬಿಟ್ಟು, ಇದ್ದ ಅಕ್ಷರವನ್ನಷ್ಟೇ ಒಂದರ ಪಕ್ಕ ಒಂದು ಸುರಿದಿತ್ತು. ಹಾಗಾಗಿ ಗುರುವಾರವೆಂಬುದು ಒಂದು ಚೌಕ ಹಿಂದಕ್ಕೆ ಸರಿದು ಮೊದಲ ಹಡಗಿನದೆಂಬಂತೆ ಕೂತಿತ್ತು.

"ಅಯ್ಯೋ ದೇವರೇ, ಇವತ್ತೇ" ಅಂದೆ. ಹುಡುಗಿಗೆ ಏನೂ ಅರ್ಥವಾಗಲಿಲ್ಲ.

ಬೇರೆ ಊರಿಗೆ ಫೋನು ಮಾಡುವ ಸೌಲಭ್ಯ ಇದ್ದದ್ದು ವಿಭಾಗದ ಮುಖ್ಯಸ್ಥರ ಕೋಣೆಯಲ್ಲಿ ಮಾತ್ರ. ಅಲ್ಲಿ ಮೀಟಿಂಗು ನಡೆದಿತ್ತು. ಬಾಗಿಲು ತಟ್ಟದೆ ಒಳಗೆ ನುಗ್ಗಿದೆ. "ಏನ್ರೀ ಇದು?" ಎಂಬರ್ಥದಲ್ಲಿ ಅವರು ಇಂಗ್ಲಿಷಿನಲ್ಲಿ ಏನೋ ಗದರಿದರು. ನಾನು ರಿಸೀವರ್ ಎತ್ತಿಯಾಗಿತ್ತು. ಬ್ಯಾಂಕಿನ ನಂಬರು ಎಂಗೇಜು. ಮತ್ತೆ ತಿರುಗಿಸಿದೆ, ಎಂಗೇಜು. ಆರು ಜನ ನನ್ನ ಬೆರಳನ್ನೇ ನೋಡುತ್ತ ಕೂತಿದ್ದರು. ಎಷ್ಟು ಸಲ ತಿರುಗಿಸಿದೆನೋ ನೆನಪಿಲ್ಲ. ಕೊನೆಗೆ ಆ ಕಡೆ ಗಂಟೆ ಹೊಡೆದಾಗ ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷ.

"ಇವತ್ತೇ ಕಣೇ! ಮೂರು ಗಂಟೆಗೆ ಹೊರಡ್ತದೆ. ಓಡು!"

"ಅಕ್ಕಾ, ನೀನು ಶನಿವಾರ ಅಂದಿದ್ದೆ..."

"ತಪ್ಪಾಯ್ತು ಮಾರಾಯ್ತಿ, ನನ್ನದೇ ತಪ್ಪು, ಈಗ ಕೇಳ್ಬೇಡ, ಓಡು!"

ರಿಸೀವರು ಮೇಜಿನ ಮೇಲೆ ಬಿದ್ದ ಸದ್ದು ಕೇಳಿತು. ಆಮೇಲೆ ಯಾರೋ ಮಲಯಾಳದಲ್ಲಿ "ಹಲೋ, ಹಲೋ" ಅಂದರು, ಲೈನು ಕಡಿಯಿತು.

ಮಗು ಕಳಮಶ್ಶೇರಿಯಲ್ಲಿ ಪಕ್ಕದ ಮನೆಯ ಚೇಚಿಯ ಹತ್ತಿರ. ಬ್ಯಾಂಕು ಎರ್ನಾಕುಲಂ ಪೇಟೆಯಲ್ಲಿ. ಹಡಗು ಇನ್ನೊಂದು ತುದಿಗೆ, ವಿಲಿಂಗ್ಡನ್ ದ್ವೀಪದ ಬಂದರಿನಲ್ಲಿ. ಅಂದರೆ ಮೊದಲು ಹಡಗಿಗೆ ಬೆನ್ನು ಹಾಕಿ ಮನೆಗೆ ಹೋಗಿ, ಮಗುವನ್ನೆತ್ತಿಕೊಂಡು ಪೇಟೆಯನ್ನೆಲ್ಲ ದಾಟಿ ವಾಪಸು ಬರಬೇಕು. ನಾನು ನನ್ನ ಕುರ್ಚಿಯಲ್ಲಿ ಕೂತು ಅವಳ ಆಟೋ ಓಡಿಸತೊಡಗಿದೆ. ಈಗ ಇಡಪ್ಪಳ್ಳಿ ದಾಟಿರಬೇಕು. ಈಗ ಮಗುವಿಗೆ ಬಟ್ಟೆ ಹಾಕುತ್ತಿರಬೇಕು. ಫ್ರಾಕು ಗೀಕು ಅಂತ ಕೂರಬೇಡವೇ, ಹಾಗೇ ಎತ್ತಿಕೊಂಡು ಹೊರಡೇ. ಒಂದೂವರೆ. ಈಗ ದ್ವೀಪದ ಸೇತುವೆಯ ಹತ್ತಿರ. ಅಲ್ಲಿ ಲಾರಿ ಅಡ್ಡ ನಿಂತಿರಬಾರದು. ಹುಡುಗಿ ಊಟಕ್ಕೆ ಕರೆದಳು, ನಾನು ಅವಳ ಮೇಲೆ ಹರಿಹಾಯ್ದೆ. ಅವಳೇನು ಮಾಡಿದ್ದಳು, ಪಾಪ? ನಾನು ನೋಡಬೇಕಾಗಿದ್ದನ್ನು ತೋರಿಸಿಕೊಟ್ಟಿದ್ದಳು. ಎರಡೂವರೆ ಆಯಿತು, ಮೂರಾಯಿತು. ಮೇಜಿನ ಮೇಲಿನ ಫೋನು ಒಂದೇ ಸಲ ಬಡಿದುಕೊಂಡಿತು, ಎತ್ತಿದರೆ ಸ್ಟೋರಿನವರು ಪ್ರಿಂಟರ್ ಕಾಗದದ ವಿಷಯ ಕೇಳಿದರು.

ತಂಗಿ ಫೋನು ಮಾಡಿದಾಗ ನಾಲ್ಕೂಕಾಲು. ಹಿಂದೆ ಲಾರಿಗಳ ಸದ್ದು, ಮಗು ಅಳುವ ಸದ್ದು.

"ಸಿಕ್ಕಿದರಾ?"

"ಹಡಗು ನೋಡಿದೆವು ಅಕ್ಕಾ" ಅಂದಳು.

ಗೇಟಿಗೆ ಎರಡು ಗಂಟೆಗೇ ಮುಟ್ಟಿದ್ದಳಂತೆ. ಪಾಸು ಕೊಡಿಸಬೇಕಾದ ಏಜೆಂಟರ ಮನುಷ್ಯ ಒಳಗೆ ಹಡಗಿನ ಮೇಲಿದ್ದ. ಅವನು ಹೊರಬರುವಷ್ಟರಲ್ಲಿ ಏಣಿ ಎತ್ತಿದ್ದರು. ಬೆಳಿಗ್ಗೆಯಿಂದ ಎಂಜಿನಿಯರು ಮೂರು ಸಲ ಮೇಲೆ ಬಂದು, ನಮ್ಮವರು ಯಾರಾದರೂ ಬಂದರೇ ಎಂದು ವಿಚಾರಿಸಿದ್ದರು ಎಂದು ಅವನೇ ಹೇಳಿದ. "ನಾವು ನಿನ್ನೆಯೂ ನಿಮ್ಮ ಫೋನಿನ ದಾರಿ ನೋಡಿದೆವು, ದಿನ ಇದೇ ಹೌದೋ ಎಂದು ನೀವು ಒಂದು ಫೋನು ಮಾಡಬಹುದಿತ್ತಲ್ಲ ಮಗಳೇ" ಎಂದನಂತೆ.

ನಾನು ಹೇಳಿದೆ, ಮೊಸಾಯಿಕ್ ಹಳತು, ಕೋಷ್ಟಕ ಗೊತ್ತಾಗುವುದಿಲ್ಲ, ಖಾಲಿ ಚೌಕ ಬಿಟ್ಟುಹೋಯಿತು, ಹೀಗೆ ಏನೇನೋ. ಅವಳು ಪೂರ್ತಿ ಕೇಳಿದಳು. "ನಿನ್ನ ಕಂಪ್ಯೂಟರನ್ನು ನಾನು ಯಾವಾಗ ನಂಬಿದ್ದೆ ಅಕ್ಕಾ? ನೀನು ಹೇಳಿದೆ ಅಂತ ನಂಬಿದೆ" ಅಂದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಮಗುವಿಗೆ ಹಸಿವಾಗಿದೆ ಎಂದು ಫೋನು ಇಟ್ಟಳು.

ಮರುದಿನ ಕೊಲ್ಲಂ ಹುಡುಗಿಗೆ, "ಹಾಕಿಕೊಡು ಆ ನಿನ್ನ ಹೊಸದನ್ನು" ಅಂದೆ. ಐದು ನಿಮಿಷವೂ ಹಿಡಿಯಲಿಲ್ಲ. ಮೊಸಾಯಿಕ್ ಅನ್ನು ನಾನೇ ಅಳಿಸಿದೆ. ಸಂಸ್ಥೆಯಲ್ಲಿ ಯಾರೂ ಅದು ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಅದನ್ನು ಮೂಲೆಗೆ ತಳ್ಳಿದ ಹೊಸ ಬ್ರೌಸರಿಗೂ ಒಳ್ಳೆಯ ದಿನ ಬಹಳ ಇರಲಿಲ್ಲ. ಕಂಪ್ಯೂಟರಿನ ಜೊತೆಗೇ ಬಿಟ್ಟಿ ಬರುವ ಇನ್ನೊಂದು ಬಂದು ದಶಕ ಮುಗಿಯುವ ಹೊತ್ತಿಗೆ ಅದರ ಜಾಗ ತೆಗೆದುಕೊಂಡಿತು. ಆಗ ಕೊಲ್ಲಂ ಹುಡುಗಿ ಮುಖ ಸಣ್ಣದು ಮಾಡಿ ತನ್ನದನ್ನೇ ಹಿಡಿದುಕೊಂಡು ಕೂತಾಗ ನನಗೆ ನಗು ಬರಲಿಲ್ಲ.

ಆ ಐದು ತಿಂಗಳಲ್ಲಿ ನಾನು ವಾರ ಬಿಟ್ಟು ವಾರ ಶನಿವಾರ ಕೊಚ್ಚಿಗೆ ಹೋದೆ. ತಂಗಿಗೆ ನೆರವಾಗಲಿ ಎಂದು ಹೇಳಿಕೊಂಡರೂ ನನಗೇ ಒಳಗೊಳಗೆ ಸುಡುತ್ತಿತ್ತು. ಮಗುವಿಗೆ ಸ್ನಾನ ಮಾಡಿಸಿದೆ, ರಾಗಿ ಮಣ್ಣಿ ತಿನ್ನಿಸಿದೆ, ತಂಗಿ ಬ್ಯಾಂಕಿಗೆ ಹೋದಾಗ ಹೆಗಲ ಮೇಲೆ ಹಾಕಿ ಮಲಗಿಸಿದೆ. ನಾಲ್ಕು ತಿಂಗಳಲ್ಲಿ ಯಾರು ಎತ್ತಿದರೂ ನಗುತ್ತಿದ್ದ ಮಗು ಎಂಟು ತಿಂಗಳಾಗುವಾಗ ಮನುಷ್ಯರನ್ನು ಆರಿಸತೊಡಗಿತು. ಅಮ್ಮ, ಪಕ್ಕದ ಮನೆಯ ಚೇಚಿ, ನಾನು. ಬೇರೆ ಯಾರು ಕೈ ಚಾಚಿದರೂ ಕಿರುಚುತ್ತಿತ್ತು.

ಮಗುವಿನ ಅಪ್ಪ ಬಂದ ದಿನ ನಾನು ಕಳಮಶ್ಶೇರಿಯಲ್ಲೇ ಇದ್ದೆ. ಟ್ಯಾಕ್ಸಿಯಿಂದಿಳಿದವರು ಚೀಲವನ್ನು ಅಂಗಳದಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಬಂದರು. ಮಗು ನನ್ನ ಸೊಂಟದ ಮೇಲಿತ್ತು. "ಬಾ ಮಗಾ" ಎಂದು ಎರಡೂ ಕೈ ಚಾಚಿದರು. ಮಗು ಅವರ ಮುಖ ನೋಡಿತು, ತುಟಿ ನಡುಗಿತು, ತಿರುಗಿ ನನ್ನ ಕೊರಳನ್ನು ಉಸಿರು ಕಟ್ಟುವ ಹಾಗೆ ಅಪ್ಪಿಕೊಂಡು ಚೀರಿತು. ಬಿಡಿಸಿ ಅವರ ಕೈಗೆ ಕೊಡಲು ನೋಡಿದೆ, ಆಗಲಿಲ್ಲ. ಅವರು ಕೈ ಚಾಚಿಕೊಂಡೇ ನಿಂತಿದ್ದರು.