ಎರಡು ಶಾಲೆಗಳಿಗೊಬ್ಬಳೇ ಡ್ರಾಯಿಂಗ್ ಟೀಚರ್

ಆಗ ನಮ್ಮೂರಿನಲ್ಲಿ ಇದ್ದದ್ದು ಎರಡೇ ಸರ್ಕಾರಿ ಶಾಲೆ. ದಿಬ್ಬದ ಮೇಲಿನದು ಮೇಲಿನ ಶಾಲೆ, ರೈಲು ನಿಲ್ದಾಣದ ಹಿಂದಿನದು ಕೆಳಗಿನ ಶಾಲೆ. ಡ್ರಾಯಿಂಗ್ ಟೀಚರ್ ಮಾತ್ರ ಎರಡಕ್ಕೂ ಒಬ್ಬಳೇ, ನನ್ನ ಅಮ್ಮ. ಬೆಳಿಗ್ಗೆ ಮೇಲೆ, ಮಧ್ಯಾಹ್ನ ಕೆಳಗೆ. ಸುತ್ತಿದ ಹಾಳೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ದಿಬ್ಬ ಇಳಿಯುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮಕ್ಕಳನ್ನು ಶಾಲೆಗೆ ಸೇರಿಸುವ ಕಾಲ ಬಂತೆಂದರೆ ನಮ್ಮ ಮನೆಗೆ ಜನ. "ಯಾವುದು ಒಳ್ಳೇದು ಟೀಚರ್? ಎರಡನ್ನೂ ಕಂಡವರು ನೀವೊಬ್ರೇ." ಅಮ್ಮ ನಕ್ಕು ಜಾರಿಕೊಳ್ಳುತ್ತಿದ್ದಳು. ತನ್ನ ಮಕ್ಕಳ ಸರದಿ ಬಂದಾಗ ಮಾತ್ರ ಅವಳೂ ಎಲ್ಲರಂತೆ ಮೇಲಿನ ಶಾಲೆಯನ್ನೇ ಹಿಡಿದಳು. ಅಲ್ಲಿ ದೊಡ್ಡ ಕಿಟಕಿಗಳು, ನೆಟ್ಟಗೆ ನಿಂತ ಬೆಂಚುಗಳು, ಸೀಮೆಸುಣ್ಣ ಕೀರಿದ್ದೂ ಹೊರಗೆ ಕೇಳುವಷ್ಟು ಶಿಸ್ತು. ನನಗದು ಹೇಳಿ ಮಾಡಿಸಿದ ಜಾಗ. ಅಣ್ಣನಿಗಲ್ಲ. ಬಾಯಿ ಮುಚ್ಚದೆ ಹರಟುತ್ತಿದ್ದವನು ಬರಬರುತ್ತಾ ಮೂಕನಂತಾದ. ಮನೆಯಲ್ಲಿ "ಊಟ ಆಯ್ತಾ?" ಎಂದರೂ ಎದ್ದು ನಿಂತು ಉತ್ತರ ಕೊಡುತ್ತಿದ್ದ.

ಮೇಲಿನ ಶಾಲೆಗೆ ರಜೆಯಿದ್ದ ಒಂದು ದಿನ ಅಮ್ಮ ಅವನನ್ನು ಕೆಳಗಿನ ಶಾಲೆಗೆ ಕರೆದೊಯ್ದಳು. ಅಲ್ಲಿ ಒಂದೇ ಹಾಲಿನಲ್ಲಿ ಎರಡು ತರಗತಿ, ಕಿವಿಗಡಚಿಕ್ಕುವ ಗಲಾಟೆ. ಅಣ್ಣ ನೆಲದ ಮೇಲೆ ಕೂತು ಎಂಜಿನ್ ಬರೆದ. ಅದರ ಚಕ್ರಗಳ ಬಗ್ಗೆ ಪಕ್ಕದವರೊಡನೆ ವಾದಕ್ಕಿಳಿದು ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದ. ಆ ವಾರವೇ ಅಮ್ಮ ಅವನ ಶಾಲೆ ಬದಲಿಸಿದಳು.

ಮೇಲಿನ ಶಾಲೆಯ ಹೆಡ್‌ಮಿಸ್‌ಗೆ ಮುಖಕ್ಕೆ ಹೊಡೆದಂತಾಯಿತು. "ನಮ್ಮ ಟೀಚರ್ರೇ ಮಗನ್ನ ಬಿಡಿಸ್ಕೊಂಡು ಹೋದ್ರೆ ಊರವರು ಏನಂತಾರೆ? ಮಗಳನ್ನೂ ಕರ್ಕೊಂಡು ಹೋಗ್ತೀರೇನು?"

"ಇಲ್ಲ ಮೇಡಂ. ಅವಳಿಗೆ ಇಲ್ಲೇ ಸರಿ. ಅವನಿಗೆ ಅಲ್ಲಿ."

ಅಲ್ಲಿಂದ ಹೆಡ್‌ಮಿಸ್ ಅಮ್ಮನೊಡನೆ ಕೆಲಸಕ್ಕೆಷ್ಟೋ ಅಷ್ಟೇ ಮಾತಾಡಿದರು. ನಮ್ಮ ಮನೆಯಲ್ಲೋ ರಾತ್ರಿ ಊಟಕ್ಕೆ ಕೂತರೆ ಜಗಳ.

"ನಿಮ್ಮ ಶಾಲೇಲಿ ಉಸಿರಾಡೋಕೂ ಕೈ ಎತ್ತಬೇಕು" ಎಂದು ಅಣ್ಣ.

"ನಿಮ್ಮಲ್ಲಿ ಪಾಠ ಕೇಳೋಕೆ ಇನ್ನೊಂದು ಜೊತೆ ಕಿವಿ ಬಾಡಿಗೆಗೆ ತರಬೇಕು" ಎಂದು ನಾನು.

"ಎರಡೂ ಶಾಲೆ ಸೇರಿ ನನ್ನ ಊಟ ಕೆಡಿಸ್ತಿವೆ" ಎಂದು ಅಪ್ಪ.

ವರ್ಷಗಳು ಕಳೆದು, ನಿವೃತ್ತಿಯ ಹೊಸ್ತಿಲಲ್ಲಿ ಹೆಡ್‌ಮಿಸ್ ನಮ್ಮ ಮನೆಗೆ ಬಂದರು. ಅವರ ಬೆನ್ನ ಹಿಂದೆ ಮೊಮ್ಮಗ ಅವಿತು ನಿಂತಿದ್ದ. "ಇವನ್ನ ಎಲ್ಲಿಗೆ ಸೇರಿಸ್ಲಿ? ನೀವೇ ಹೇಳಿ."

ಅಮ್ಮ ಈ ಸಲ ಜಾರಿಕೊಳ್ಳಲಿಲ್ಲ. ಮರುದಿನ ಹುಡುಗನ ಕೈ ಹಿಡಿದು ಎರಡೂ ಶಾಲೆಯ ತನ್ನ ಕ್ಲಾಸಿನಲ್ಲಿ ಕೂರಿಸಿಕೊಂಡಳು. ಸಂಜೆ ಅವನನ್ನು ಅಜ್ಜಿಗೆ ಒಪ್ಪಿಸುತ್ತಾ, "ನಿಮ್ಮ ಶಾಲೇನೇ ಸರಿ ಮೇಡಂ. ಗಲಾಟೆ ಕಂಡ್ರೆ ಇವನಿಗೆ ಅಳು ಬರುತ್ತೆ" ಎಂದಳು.

ಹೆಡ್‌ಮಿಸ್ ಮೊಮ್ಮಗನನ್ನು ಹತ್ತಿರ ಎಳೆದುಕೊಂಡು, "ನಿಮ್ಮ ಮಗ ಹೇಗಿದ್ದಾನೆ?" ಎಂದರು. ಅಂದಿನ ಆ ಮಾತಿನ ನಂತರ ಅವನ ಸುದ್ದಿ ಅವರು ಎತ್ತಿದ್ದು ಅದೇ ಮೊದಲು.

"ಮಾತು ನಿಲ್ಸೋದೇ ಇಲ್ಲ" ಎಂದಳು ಅಮ್ಮ.

ಈಗ ಎರಡೂ ಶಾಲೆಗಳನ್ನು ಸೇರಿಸಿ ಹೆದ್ದಾರಿಯ ಬದಿಯಲ್ಲಿ ಒಂದೇ ಕಟ್ಟಡ ಕಟ್ಟಿದ್ದಾರೆ. ಮೊನ್ನೆ ನಾನೂ ಅಮ್ಮನೂ ಕೆಳಗಿನ ಶಾಲೆಯ ಕಿಟಕಿಯಲ್ಲಿ ಇಣುಕಿದೆವು. ಮಕ್ಕಳು ಗೋಡೆಗೆ ಬರೆದ ಮೀನುಗಳು ಮಾಸಿದ್ದವು.

"ನಾನೂ ಇಲ್ಲಿ ಓದಿದ್ರೆ ಏನಾಗ್ತಿತ್ತಮ್ಮ?"

ಅಮ್ಮ ಗಾಜಿನ ಧೂಳನ್ನು ಅಂಗೈಯಿಂದ ಒರೆಸಿದಳು. "ನೀನು ಇನ್ನೊಂಚೂರು ಜೋರಾಗಿ ಮಾತಾಡ್ತಿದ್ದೆ" ಎಂದು ಮತ್ತೆ ಒಳಗೆ ಇಣುಕಿದಳು.