ಪ್ಯಾಕೆಟ್ಟಿನ ಮೇಲಿನ ಮುಖ

ನಮ್ಮೂರ ಗ್ರಂಥಾಲಯದ ಬಾಗಿಲ ಪಕ್ಕ ಒಂದು ಕಂಚಿನ ಫಲಕವಿದೆ. 'ಲೈಮನ್ ಹೋವಿ, ಹೋವಿ ಸೇಫ್ಟಿ ರೇಜರಿನ ಜನಕ, ಊರಿನ ಉಪಕಾರಿ' ಎಂದು ಅದರ ಮೇಲೆ ಬರೆದಿದೆ. ಉಪಕಾರಿ ಎಂಬ ಮಾತಿನ ಮೇಲೆ ಕಣ್ಣು ಬಿದ್ದಾಗಲೆಲ್ಲ ಮುಖ ತಿರುಗಿಸುತ್ತೇನೆ. ಅವನು ನನ್ನ ಚಿಕ್ಕಪ್ಪ. ಫಲಕ ಬರೆಸಿದವರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಅವರು ತಂದ ಕಂಚು ಸಾಲುತ್ತಿರಲಿಲ್ಲ.

ನಮ್ಮೂರು ಹ್ಯಾಸ್ಕಲ್ ಫಾಲ್ಸ್, ಚಾಕು ಮಾಡುವ ಊರು. ಗಂಡಸರು ಹಗಲೆಲ್ಲ ನದಿ ದಂಡೆಯ ಕಾರ್ಖಾನೆಗಳಲ್ಲಿ ಉಕ್ಕು ಮಸೆದು, ಶನಿವಾರ ಸಂಜೆ ನನ್ನ ಅಪ್ಪ ಆರಿನ್ ಹೋವಿಯ ಕ್ಷೌರದಂಗಡಿಗೆ ಬರುತ್ತಿದ್ದರು. ಚಿಕ್ಕಪ್ಪನೂ ಅದೇ ಅಂಗಡಿಯಲ್ಲಿ ಅಪ್ಪನ ಕೈಕೆಳಗೆ ಕೆಲಸ ಕಲಿತವನು. ಒಳ್ಳೆಯ ಕೈ ಇತ್ತು, ಟೈಫಾಯ್ಡ್ ಜ್ವರ ಬರುವ ತನಕ. ಜ್ವರ ಬಿಟ್ಟರೂ ಕೈ ನಡುಕ ಬಿಡಲಿಲ್ಲ. ಒಂದು ಶನಿವಾರ ಅಂಗಡಿ ತುಂಬ ಜನರಿದ್ದಾಗ ಚರ್ಚಿನ ಹಿರಿಯ ಕೋಲ್‌ಗ್ರೋವ್ ಅವರ ಕಿವಿಯ ತುದಿಯನ್ನೇ ಕೊಯ್ದುಬಿಟ್ಟ.

"ಆರಿನ್, ನಿನ್ನ ತಮ್ಮ ಕ್ಷೌರ ಮಾಡ್ತಾನೋ, ಹಂದಿ ಕೊಯ್ತಾನೋ?" ಎಂದರು ಅವರು, ಕಿವಿ ಒತ್ತಿ ಹಿಡಿದುಕೊಂಡು. ಅಂಗಡಿಗೆ ಅಂಗಡಿಯೇ ನಕ್ಕಿತು. ಚಿಕ್ಕಪ್ಪ ಕತ್ತಿ ಕೆಳಗಿಟ್ಟವನು ಮತ್ತೆ ಗಿರಾಕಿಯ ಮುಖ ಮುಟ್ಟಲಿಲ್ಲ.

ಆಮೇಲೆ ಅವನು ಅಂಗಡಿಯ ಹಿಂದಿನ ಕೋಣೆ ಸೇರಿಕೊಂಡ. ಕಾರ್ಖಾನೆಯವರು ಬಿಸಾಡಿದ ಉಕ್ಕಿನ ತೆಳು ಪಟ್ಟಿಗಳನ್ನು ತಂದು, ಎರಡು ತಗಡುಗಳ ನಡುವೆ ಸಿಕ್ಕಿಸಿ, ಅಂಚು ಮಾತ್ರ ಕೂದಲೆಳೆಯಷ್ಟು ಹೊರಗೆ ಬಿಟ್ಟು, ನಡುಗುವ ಕೈಯೂ ಚರ್ಮ ಕೊಯ್ಯದಂಥ ಒಂದು ಸಾಮಾನು ಮಾಡತೊಡಗಿದ. ಮಾಡಿದ್ದನ್ನು ಯಾರ ಮುಖದ ಮೇಲೆ ಪರೀಕ್ಷಿಸುವುದು?

"ನನ್ನ ಕೆನ್ನೆ ಇದೆಯಲ್ಲೋ. ಊರವರ ಕೆನ್ನೆ ಯಾಕೆ?" ಎಂದ ಅಪ್ಪ.

ದಿನಾ ಬೆಳಗ್ಗೆ ಅಪ್ಪ ಕುರ್ಚಿಯಲ್ಲಿ ಕೂರುವುದು, ತಮ್ಮನ ಹೊಸ ಸಾಮಾನು ಕೆನ್ನೆ ಗೀರುವುದು, ನಾನು ರಕ್ತ ನಿಲ್ಲಿಸಲು ಪಟಿಕದ ತುಂಡು ಹಿಡಿದು ಓಡಿ ಬರುವುದು. ಅಮ್ಮ ಬದುಕಿದ್ದರೆ ಇದಕ್ಕೆಲ್ಲ ಬಿಡುತ್ತಿರಲಿಲ್ಲ. ಅಪ್ಪನ ಎಡಗೆನ್ನೆ ತುಂಬ ಸಣ್ಣ ಸಣ್ಣ ಬಿಳಿ ಗೆರೆಗಳು ಉಳಿದವು. ಕೊನೆಗೊಂದು ದಿನ ಚಿಕ್ಕಪ್ಪ ತನ್ನದೇ ನಡುಗುವ ಕೈಯಲ್ಲಿ ತನ್ನ ಗಡ್ಡ ತಾನೇ ಬೋಳಿಸಿಕೊಂಡ. ಒಂದು ಹನಿ ರಕ್ತ ಬರಲಿಲ್ಲ. ಅವನು ಗಳಗಳ ಅತ್ತ. ಸುಳ್ಳು ಯಾಕೆ ಹೇಳಲಿ, ನಾನೂ ಕುಣಿದಾಡಿದೆ.

"ಇದು ಊರೂರು ಅಲೆಯೋರಿಗೆ, ಹಡಗಿನೋರಿಗೆ ಮಾತ್ರ ಕಣಣ್ಣ. ನಿನ್ನ ಅಂಗಡಿಗೆ ಬರೋರು ಬಂದೇ ಬರ್ತಾರೆ" ಎಂದ ಚಿಕ್ಕಪ್ಪ. ಅಪ್ಪ ನಂಬಿದ. ತಮ್ಮನ ಮಾತನ್ನು ನಂಬದೆ ಇರುವುದು ಅವನಿಗೆ ಗೊತ್ತೇ ಇರಲಿಲ್ಲ.

ಬಾಸ್ಟನ್ನಿನ ಹಣವಂತರು ಸೇರಿಕೊಂಡರು, ನದಿಯಾಚೆ ಕಾರ್ಖಾನೆ ಎದ್ದಿತು. ಬ್ಲೇಡಿನ ಪ್ಯಾಕೆಟ್ಟಿಗೊಂದು ಮುಖ ಬೇಕು ಎಂದರು ಆ ಜನ. ಚಿಕ್ಕಪ್ಪನ ಮುಖ ಸವೆದ ಸಾಬೂನಿನ ಹಾಗಿತ್ತು. ಅಪ್ಪ ಲಕ್ಷಣವಂತ.

"ನನ್ನ ಮುಖ ಯಾರಿಗೆ ಬೇಕೋ?"

"ನಿನ್ನ ಮುಖ ನೋಡಿದ್ರೆ ಎಂಥವನಿಗೂ ನಂಬಿಕೆ ಬರತ್ತೆ ಅಣ್ಣ."

ಫೋಟೋ ತೆಗೆಸುವ ದಿನ ಅಪ್ಪ ತನ್ನ ಒಳ್ಳೆಯ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಮಸೆದು, ತನ್ನ ಗಡ್ಡ ತಾನೇ ತೆಗೆದುಕೊಂಡು ಹೋದ. ಆ ನುಣುಪು ಸೇಫ್ಟಿ ರೇಜರಿನದಲ್ಲ, ಕ್ಷೌರಿಕನ ಕತ್ತಿಯದು. ಕೆನ್ನೆಯ ಗೆರೆಗಳನ್ನು ಸ್ಟುಡಿಯೋದವನು ಕುಂಚದಲ್ಲಿ ಅಳಿಸಿದ. ಕೆಲವು ತಿಂಗಳಾದ ಮೇಲೆ ಪ್ಯಾಕೆಟ್ಟು ಅಂಗಡಿಗೆ ಬಂತು. ಅಪ್ಪನ ಮುಖ ಚೆನ್ನಾಗಿಯೇ ಬಂದಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: 'ಈತನಿಗೆ ಕ್ಷೌರಿಕನ ಹಂಗಿಲ್ಲ.'

ಅಪ್ಪ ಅದನ್ನು ಓದಿದಾಗ ಕುರ್ಚಿಯಲ್ಲಿ ಗಿರಾಕಿ ಇದ್ದ. "ಲೈಮನ್ ನೋಡಿರಲಿಕ್ಕಿಲ್ಲ" ಎಂದಷ್ಟೇ ಹೇಳಿ ಆ ಕ್ಷೌರ ಮುಗಿಸಿ, ಸೀದಾ ಕಾರ್ಖಾನೆಗೆ ನಡೆದ. ನಾನೂ ಹಿಂದೆಯೇ ಹೋದೆ.

"ಆ ಸಾಲು ತೆಗೆಸೋ, ಲೈಮನ್."

"ಅದು ಬರೀ ವ್ಯಾಪಾರದ ಮಾತು ಬಿಡಣ್ಣ."

"ನಾನು ಕ್ಷೌರಿಕ ಕಣೋ."

"ಶಿಕಾಗೋದೋರಿಗೆ ಅದೆಲ್ಲ ಎಲ್ಲಿ ಗೊತ್ತು?"

"ಇಲ್ಲಿಯೋರಿಗೆ ಗೊತ್ತಲ್ಲ. ಸಾಲು ಬೇಕಿದ್ರೆ ಇಟ್ಕೋ, ನನ್ನ ಮುಖ ತೆಗಿ. ಎರಡರಲ್ಲಿ ಒಂದು ಮಾಡು."

"ಮುಂದಿನ ಸಲ ಅಚ್ಚು ಹಾಕಿಸೋವಾಗ ನೋಡೋಣ."

ಅಪ್ಪ ಆಮೇಲೆ ಬದುಕಿದ್ದಷ್ಟು ಕಾಲ ಕೇಳಿದ್ದು ಇದೊಂದನ್ನೇ. ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಗುಡ್ಡದ ಮೇಲಿನ ಚಿಕ್ಕಪ್ಪನ ಹೊಸ ಬಂಗಲೆಗೆ ಹೋಗುತ್ತಿದ್ದೆವು. ಅಪ್ಪ ಕೇಳುವನು, ಚಿಕ್ಕಪ್ಪ ಬೇಯಿಸಿದ ಟರ್ಕಿ ಕೋಳಿ ಕತ್ತರಿಸುತ್ತ "ನೋಡೋಣ" ಎನ್ನುವನು. ಮಾರಾಟದ ಮ್ಯಾನೇಜರ್ ರಗಲ್ಸ್ ಎಂಬವನು ಒಮ್ಮೆ ಅಪ್ಪನ ಬೆನ್ನು ತಟ್ಟಿ, "ಆ ಮುಖ ಈಗ ನಿಮ್ದಲ್ಲ ಸಾರ್, ಕಂಪನೀದು" ಎಂದು ನಕ್ಕ. ಚಿಕ್ಕಪ್ಪ ತನ್ನ ತಟ್ಟೆಗೆ ಇನ್ನೊಂದು ತುಂಡು ಹಾಕಿಕೊಂಡ. ಹೇಡಿ!

ಅಪ್ಪನ ಅಂಗಡಿಯ ಗೋಡೆಗೆ ಗೂಡುಗೂಡಾದ ಮರದ ಹಲಗೆಯೊಂದಿತ್ತು. ಕಾಯಂ ಗಿರಾಕಿಗಳ ಪಿಂಗಾಣಿ ಮಗ್ಗುಗಳು ಅದರಲ್ಲಿರುತ್ತಿದ್ದವು, ಒಬ್ಬೊಬ್ಬರದರ ಮೇಲೂ ಅವರವರ ಹೆಸರು ಚಿನ್ನದ ಬಣ್ಣದಲ್ಲಿ. ಯಾರ ಮಗ್ಗೋ ಅದರಲ್ಲೇ ಅವರಿಗೆ ಸಾಬೂನಿನ ನೊರೆ. ಯಾರಾದರೂ ತೀರಿಕೊಂಡರೆ ಅಪ್ಪ ಅವರ ಮನೆಗೆ ಹೋಗಿ ಕೊನೆಯ ಕ್ಷೌರ ಮಾಡಿ, ಬಂದು ಮಗ್ಗನ್ನು ಗೋಡೆ ಕಡೆ ತಿರುಗಿಸಿಡುತ್ತಿದ್ದ. ಮಣ್ಣಾದ ಮೇಲೆ ಅದು ಮನೆಯವರಿಗೆ ಹೋಗುತ್ತಿತ್ತು. ಈಗ ಬದುಕಿದ್ದವರೇ ಮಗ್ಗು ಒಯ್ಯತೊಡಗಿದರು. ಯುದ್ಧಕ್ಕೆ ಹೋದ ಹುಡುಗರ ಚೀಲದಲ್ಲಿ ಸೇಫ್ಟಿ ರೇಜರ್ ಇತ್ತು. ವಾಪಸು ಬಂದವರು ಮನೆಯ ಕನ್ನಡಿಯ ಮುಂದೆಯೇ ನಿಂತರು. ಅವರನ್ನು ನೋಡಿ ಅವರ ಅಪ್ಪಂದಿರೂ ಕಲಿತರು.

"ಮನೆಯೋಳು ಶೋಕೇಸಿಗೆ ಬೇಕು ಅಂತಾಳೆ ಆರಿನ್" ಎಂದರು ಕೋಲ್‌ಗ್ರೋವ್, ಕಣ್ಣು ತಪ್ಪಿಸುತ್ತ. "ಅಲ್ಲಾ, ನಿನಗೇ ಕ್ಷೌರಿಕನ ಹಂಗಿಲ್ಲ ಅಂದ್ಮೇಲೆ ನನಗ್ಯಾಕಪ್ಪಾ?" ಎಂದು ಸೇರಿಸುವುದನ್ನು ಮರೆಯಲಿಲ್ಲ. ಅಪ್ಪ ಮಗ್ಗನ್ನು ಒರೆಸಿ ಕಾಗದ ಸುತ್ತಿ ಕೊಟ್ಟ. ಸುತ್ತಲಿನ ಊರುಗಳ ಕ್ಷೌರಿಕರು ತಮ್ಮ ಸಂಘದಿಂದ ಅಪ್ಪನ ಹೆಸರು ಹೊಡೆದುಹಾಕಿದರು. ಚಿಕ್ಕಪ್ಪನನ್ನು ಒಬ್ಬನೂ ಬೈಯಲಿಲ್ಲ; ಅವನ ಮುಖ ಯಾರಿಗೂ ಗೊತ್ತಿರಲಿಲ್ಲವಲ್ಲ.

ಕೊನೆಗೆ ಅಪ್ಪನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಗಡ್ಡ ಬೆಳೆಯಿತು. ನಾನು ರೇಜರ್ ತರಲೇ ಎಂದರೆ ಮುಖ ಆ ಕಡೆ ತಿರುಗಿಸಿದ. ಕತ್ತಿ ಹಿಡಿಯಲು ನನಗೆ ಬಾರದು. ಹೆಣ್ಣುಮಗಳ ಕೈಗೆ ಅವನು ಅದನ್ನು ಕೊಟ್ಟವನೇ ಅಲ್ಲ. ತೊದಲುವ ನಾಲಿಗೆಯಲ್ಲಿ ಒಂದೇ ಮಾತು ಆಡಿದ: "ಸತ್ ಮೇಲೂ... ಅದು ಬೇಡ. ಕತ್ತೀಲೇ." ಆಗಲಿ ಅಪ್ಪ ಎಂದು ಮಾತು ಕೊಟ್ಟೆ.

ಅವನು ಹೋದ ಬೆಳಗ್ಗೆಯೇ ಪಕ್ಕದೂರಿನ ಕ್ಷೌರಿಕ ಸೈಲಸ್ ಡ್ರೂಗೆ ಫೋನ್ ಮಾಡಿದೆ. ಕ್ಷೌರಿಕ ಸತ್ತರೆ ಇನ್ನೊಬ್ಬ ಕ್ಷೌರಿಕ ಬಂದು ಗಡ್ಡ ತೆಗೆಯುವುದು ನಮ್ಮ ಕಡೆಯ ಪದ್ಧತಿ.

"ಯಾರು, ಆ ಪ್ಯಾಕೆಟ್ ಮೇಲಿನ ಮುಖಾನಾ?" ಎಂದ ಡ್ರೂ. "ಅದಕ್ಕೆ ಕ್ಷೌರಿಕ ಬೇಡ ಅಂತ ನೀವೇ ಊರೆಲ್ಲ ಸಾರಿದ್ದೀರಲ್ಲಮ್ಮ."

"ನಮ್ಮಪ್ಪ ಸಾರಿದ್ದಲ್ಲ, ಸ್ವಾಮಿ. ಕತ್ತೀಲೇ ಆಗ್ಬೇಕು ಅಂತ ಕೇಳ್ಕೊಂಡು ಹೋದ್ರು. ಬಂದುಬಿಡಿ."

ಫೋನ್ ಇಟ್ಟುಬಿಟ್ಟ.

ಮಧ್ಯಾಹ್ನ ಚಿಕ್ಕಪ್ಪ ಉದ್ದನೆಯ ಕಾರಿನಲ್ಲಿ ಬಂದ, ಜೊತೆಗೆ ರಗಲ್ಸ್. ನಾನು ಅಪ್ಪನ ಕತ್ತಿಯನ್ನು ಚಿಕ್ಕಪ್ಪನ ಮುಂದೆ ಹಿಡಿದೆ.

"ನಿಮಗೆ ಕಲಿಸಿದ್ದು ಅವರೇ ಅಲ್ವಾ? ಮಾಡಿ."

ಅವನು ಕತ್ತಿ ಬಿಡಿಸಿದ. ಅಪ್ಪನ ಕೆನ್ನೆಯ ಹತ್ತಿರ ಒಯ್ದ. ಕೈ ಥರಥರ ನಡುಗುತ್ತಿತ್ತು. ನಡುಗಿದರೇನು, ಸತ್ತವರಿಗೆ ರಕ್ತ ಬರುವುದಿಲ್ಲ. ಆದರೂ ಅವನಿಂದಾಗಲಿಲ್ಲ. ಕತ್ತಿ ಮಡಿಸಿಟ್ಟು, ಕೋಟಿನ ಜೇಬಿನಿಂದ ಅದನ್ನು ತೆಗೆದ. ಬೆಳ್ಳಿ ಹಿಡಿಯ ಸೇಫ್ಟಿ ರೇಜರ್.

"ಎರಡು ನಿಮಿಷದ ಕೆಲಸ ಮಿರ್ಟಿ. ಯಾರಿಗೆ ಗೊತ್ತಾಗತ್ತೆ?"

"ಅವರಿಗೆ ಗೊತ್ತಾಗತ್ತೆ" ಎಂದು ಅವನ ಮಣಿಕಟ್ಟು ಹಿಡಿದೆ. ಮುದುಕನ ಮಣಿಕಟ್ಟು. ನನಗೆ ಕನಿಕರ ಬರಬೇಕಿತ್ತು. ಬರಲಿಲ್ಲ.

ರಗಲ್ಸ್ ನಡುವೆ ಬಾಯಿ ಹಾಕಿದ. "ಹಾಗಾದ್ರೆ ಶವಪೆಟ್ಟಿಗೆ ಮುಚ್ಚಿಸಿ. ಪತ್ರಿಕೆಯೋರು ಬಂದಿದ್ದಾರೆ. ಈ ಮುಖ ಹೀಗೆ ಕಂಡ್ರೆ..."

"ಬದುಕಿದ್ದಾಗ ತೆಗೀರಿ ಅಂತ ಬೇಡಿಕೊಂಡ್ರು, ದೇಶಕ್ಕೆಲ್ಲ ತೋರಿಸಿದ್ರಿ. ಈಗ ಮುಚ್ಚಬೇಕಾ? ಇವತ್ತೊಂದು ದಿನ ಈ ಮುಖ ನಮ್ಮಪ್ಪನದು. ನಡೀರಿ ಆಚೆ!"

ಪೆಟ್ಟಿಗೆ ತೆರೆದೇ ಇತ್ತು. ಕೆನ್ನೆ ತುಂಬ ಬಿಳಿ ಗಡ್ಡದ ಅಪ್ಪನನ್ನು ಊರವರೆಲ್ಲ ಸಾಲಾಗಿ ಬಂದು ನೋಡಿದರು. ಡ್ರೂ ಕೂಡ ಬಂದ. ಟೋಪಿ ತೆಗೆದು, ಬಗ್ಗಿ ಆ ಗಡ್ಡ ನೋಡಿದ.

"ನಿಜವಾಗ್ಲೂ ಹೀಗಂತ ಗೊತ್ತಿದ್ದಿದ್ರೆ ಬರ್ತಿದ್ದೆ ಕಣಮ್ಮ."

"ಹೇಳಿದ್ದೆನಲ್ಲ" ಎಂದೆ. ಕೊಟ್ಟ ಮಾತಿನಲ್ಲಿ ನಾನು ಉಳಿಸಿಕೊಂಡದ್ದು ಅರ್ಧ ಮಾತ್ರ.

ಚಿಕ್ಕಪ್ಪ ಮರುವರ್ಷವೇ ಕಂಪನಿ ಮಾರಿ ಫ್ಲೋರಿಡಾ ಸೇರಿದ, ಅಲ್ಲೇ ಸತ್ತ. ಗ್ರಂಥಾಲಯಕ್ಕೆ ಅವನ ದುಡ್ಡು ಬಂತು, ಗೋಡೆಗೆ ಫಲಕ ಬಂತು. ಕಂಪನಿ ಕೊಂಡವರು ಮುಖವನ್ನೂ ಸೇರಿಸಿಯೇ ಕೊಂಡಿದ್ದರು, ಆ ಸಾಲನ್ನೂ.

ಈಗಲೂ ಔಷಧಿ ಅಂಗಡಿಗೆ ಹೋದರೆ ಗಲ್ಲಾದ ಪಕ್ಕದ ಹಲಗೆಯ ಮೇಲೆ ಅಪ್ಪ ಸಾಲಾಗಿ ನಿಂತಿರುತ್ತಾನೆ, ಕೆನ್ನೆಯ ಮೇಲೆ ಒಂದು ಗೆರೆಯಿಲ್ಲದೆ. ನಾನು ಕೈಚಾಚಿ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಗೋಡೆ ಕಡೆ ತಿರುಗಿಸುತ್ತೇನೆ.

"ಮಿಸ್ ಹೋವಿ, ಮತ್ತೆ ಶುರು ಮಾಡಿದ್ರಾ?" ಎನ್ನುತ್ತಾಳೆ ಅಂಗಡಿಯ ಹುಡುಗಿ.

"ತೀರಿಹೋದವರಮ್ಮ" ಎನ್ನುತ್ತೇನೆ.

ನಾನು ಬಾಗಿಲು ದಾಟುವ ಮೊದಲೇ ಅವಳು ಎಲ್ಲವನ್ನೂ ಈ ಕಡೆಗೆ ತಿರುಗಿಸಿರುತ್ತಾಳೆ.